ಡಬ್ಬಿಯ ಮೇಲಿನ 400 ಮತ್ತು ನನ್ನ ಲೆಕ್ಕ

ಬಹಳ ಕಾಲ ನನ್ನ ಕ್ಯಾಮೆರಾದಲ್ಲಿ ಇದ್ದದ್ದು ಕೊಡಕ್ ಟ್ರೈ-ಎಕ್ಸ್ ಎಂಬ ಕಪ್ಪು-ಬಿಳುಪು ಫಿಲ್ಮ್. ಈಗ ಹೆಚ್ಚಾಗಿ ಇಲ್‌ಫರ್ಡ್ ಎಚ್‌ಪಿ5 ಪ್ಲಸ್, ಬೆಳಕು ಚೆನ್ನಾಗಿದ್ದಾಗ ಫೋಮಾಪ್ಯಾನ್ 100, ಹಳೆಯ ಕ್ಯಾಮೆರಾ ಅಥವಾ ಲೆನ್ಸ್ ಪರೀಕ್ಷಿಸಬೇಕಾದಾಗ ಕೆಂಟ್‌ಮಿಯರ್. ನನ್ನ ಅಭಿರುಚಿ ಬದಲಾಗಿ ಹೀಗಾದದ್ದಲ್ಲ, ಬೆಲೆ ಏರಿದ್ದರಿಂದ ಆದದ್ದು. ಹಾಗೆಂದು ಅಗ್ಗದ ರೋಲ್ ಯಾವುದೋ ಅದನ್ನೇ ಎತ್ತಿಕೊಂಡು ಬಂದಿಲ್ಲ. ರೋಲ್‌ಗಳ ಬೆಲೆಯನ್ನು ಏರಿಕೆಯ ಕ್ರಮದಲ್ಲಿ ಬರೆದಿಡುವುದು ಐದು ನಿಮಿಷದ ಕೆಲಸ. ಆ ಪಟ್ಟಿ ನೋಡಿ ತೀರ್ಮಾನ ಮಾಡುವುದು ಮಾತ್ರ ಆಗದ ಕೆಲಸ. ಒಂದು ರೋಲ್ ಇನ್ನೊಂದಕ್ಕಿಂತ ಅಗ್ಗವೋ ಅಲ್ಲವೋ ಎಂಬುದು ಅದನ್ನು ಯಾವ ಬೆಳಕಿನಲ್ಲಿ, ಯಾವ ಡೆವಲಪರ್‌ನಲ್ಲಿ (ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ದ್ರಾವಣ), ಏನಕ್ಕಾಗಿ ಬಳಸುತ್ತೇವೆ ಎಂಬುದರ ಮೇಲೆ ನಿಂತಿದೆ.

ಬೆಲೆ ಯಾಕೆ ಹೀಗೆ ಕುಣಿಯುತ್ತದೆ ಎಂದು ಮೊದಲು ನೋಡಿದೆ. ಬೆಳ್ಳಿಯ ಬೆಲೆ ಏರಿತು, ಅದಕ್ಕೇ ಫಿಲ್ಮ್ ದುಬಾರಿಯಾಯಿತು ಎನ್ನುವವರು ಬಹಳ. ಅದು ಒಂದು ಕಾರಣ ಅಷ್ಟೇ. 36 ಚಿತ್ರಗಳ ಒಂದು 35 ಎಂಎಂ ರೋಲ್, ಒಂದು 120 ರೋಲ್ (ಕಾಗದದ ಜೊತೆ ಸುತ್ತಿದ ಅಗಲ ಫಿಲ್ಮ್), 8×10 ಇಂಚಿನ ಒಂದು ಶೀಟ್ – ಮೂರರ ವಿಸ್ತೀರ್ಣವೂ ಸುಮಾರು 80 ಚದರ ಇಂಚು. ಬೆಳ್ಳಿ, ಜೆಲಾಟಿನ್ ಹೆಚ್ಚುಕಡಿಮೆ ಅಷ್ಟಷ್ಟೇ ಹಿಡಿಯುತ್ತವೆ. ಬೆಲೆ ಮಾತ್ರ ಮೂರಕ್ಕೂ ಬೇರೆ ಬೇರೆ. ಕತ್ತರಿಸುವುದು, ಅಂಚಿಗೆ ರಂಧ್ರ ಹೊಡೆಯುವುದು, ಕ್ಯಾಸೆಟ್‌ಗೆ ತುಂಬುವುದು, 120 ಆದರೆ ಹಿಂಬದಿಯ ಕಾಗದ ಸುತ್ತುವುದು, ಆಮೇಲೆ ಸಾಗಾಟ ಮತ್ತು ವಿತರಕರ ಪಾಲು: ನಾವು ಕೊಡುವ ದುಡ್ಡಿನಲ್ಲಿ ಇವೆಲ್ಲ ಸೇರಿವೆ. ಅದರ ಮೇಲೆ, ಎಮಲ್ಷನ್, ಅಂದರೆ ಬೆಳ್ಳಿ-ಜೆಲಾಟಿನ್ ಲೇಪ, ಬಳಿಯುವ ದೊಡ್ಡ ಯಂತ್ರಗಳು ಬೃಹತ್ ಪ್ರಮಾಣಕ್ಕೆಂದು ಕಟ್ಟಿದವು. ಬೇಡಿಕೆ ಇಳಿದರೂ ಅವುಗಳನ್ನು ನಡೆಸುವ ಖರ್ಚು ಅದೇ ಅಳತೆಯಲ್ಲಿ ಇಳಿಯುವುದಿಲ್ಲ.

ತಯಾರಕರೂ ಬೆರಳೆಣಿಕೆಯಷ್ಟು. ಈಸ್ಟ್‌ಮನ್ ಕೊಡಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಮರುವರ್ಷ ಫಿಲ್ಮ್ ಮಾರಾಟ ಕೊಡಕ್ ಅಲಾರಿಸ್ ಎಂಬ ಬೇರೆ ಕಂಪನಿಯ ಕೈಗೆ ಹೋಯಿತು, ತಯಾರಿಕೆ ಅಮೆರಿಕದ ರಾಚೆಸ್ಟರ್‌ನಲ್ಲಿ ಈಸ್ಟ್‌ಮನ್ ಕೊಡಕ್ ಬಳಿಯೇ ಉಳಿಯಿತು. ಇಲ್‌ಫರ್ಡ್ 2004ರಲ್ಲಿ ಮುಳುಗುವ ಹಂತಕ್ಕೆ ಬಂದು, ಅಲ್ಲಿನ ವ್ಯವಸ್ಥಾಪಕರೇ 2005ರಲ್ಲಿ ಕೊಂಡುಕೊಂಡು ಹಾರ್ಮನ್ ಹೆಸರಿನಲ್ಲಿ ನಡೆಸಿದರು. ಝೆಕ್ ದೇಶದ ಫೋಮಾ ಈ ಗದ್ದಲದಿಂದ ದೂರದಲ್ಲಿದ್ದು ತನ್ನ ಪಾಡಿಗೆ ತಾನು ಅಗ್ಗದ ಫಿಲ್ಮ್ ಮಾಡಿಕೊಂಡು ಬಂದಿದೆ. ಇಷ್ಟು ಕಡಿಮೆ ಜನ ಇರುವ ಕಡೆ ಒಬ್ಬರು ಬೆಲೆ ಏರಿಸಿದರೆ ಗಿರಾಕಿಗಳು ಇನ್ನೊಬ್ಬರ ಬಾಗಿಲಿಗೆ ಹೋಗುತ್ತಾರೆ, ಅಲ್ಲಿ ಸರಕು ಖಾಲಿಯಾಗುತ್ತದೆ. ಪ್ಲಸ್-ಎಕ್ಸ್ 2011ರಲ್ಲಿ ಹೋಗಿ ಮತ್ತೆ ಬರಲಿಲ್ಲ. ಟಿ-ಮ್ಯಾಕ್ಸ್ ಪಿ3200 ಹೋಗಿ 2018ರಲ್ಲಿ ವಾಪಸ್ ಬಂತು. ಫ್ಯೂಜಿ ನಿಯೋಪಾನ್ ಆಕ್ರೋಸ್ 2018ರಲ್ಲಿ ನಿಂತು, ಮರುವರ್ಷ ಆಕ್ರೋಸ್ II ಆಗಿ ಹುಟ್ಟಿತು. ನಾಳೆಯೂ ಸಿಗುವ ಫಿಲ್ಮ್ ಯಾವುದು ಎಂಬ ಪ್ರಶ್ನೆಗೆ ಬೆಲೆಯಷ್ಟೇ ತೂಕ ಕೊಡುವುದು ಇದಕ್ಕೇ.

ಲೆಕ್ಕ ಶುರುವಾದದ್ದು ಒಂದು ಫ್ರೇಮಿನ ಒಟ್ಟು ಖರ್ಚಿನಿಂದ. ಫಿಲ್ಮ್, ಡೆವಲಪರ್, ಫಿಕ್ಸರ್ (ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ), ಆಮೇಲೆ ಪ್ರಿಂಟ್ ಮಾಡುವುದಾದರೆ ಕಾಗದ. ಒಟ್ಟು ಖರ್ಚಿನಲ್ಲಿ ಫಿಲ್ಮಿನ ಪಾಲು ಅರ್ಧ ಎಂದಿಟ್ಟುಕೊಳ್ಳಿ. ಶೇ 20ರಷ್ಟು ಅಗ್ಗದ ರೋಲ್ ತಂದರೂ ಒಟ್ಟಿನಲ್ಲಿ ಉಳಿಯುವುದು ಶೇ 10. ತೊಳೆಯಲು ಲ್ಯಾಬಿಗೆ ಕೊಡುವವರಿಗೆ ಉಳಿತಾಯ ಇನ್ನೂ ಕಡಿಮೆ, ಏಕೆಂದರೆ ಡೆವಲಪಿಂಗ್ ಮತ್ತು ಸ್ಕ್ಯಾನಿಂಗ್ ಶುಲ್ಕಕ್ಕೆ ಫಿಲ್ಮ್ ಯಾವುದಾದರೂ ಒಂದೇ. ಅಂಥವರು ಬ್ರ್ಯಾಂಡ್ ಬದಲಿಸುವ ಮೊದಲು ಮನೆಯಲ್ಲೇ ತೊಳೆಯಲು ಕಲಿಯಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಟ್ಯಾಂಕ್, ಚೇಂಜಿಂಗ್ ಬ್ಯಾಗ್ (ಬೆಳಕು ಹೋಗದ ಚೀಲ), ಥರ್ಮಾಮೀಟರ್ – ಬೇಕಾದ ಸಾಮಾನು ಅಷ್ಟೇ.

ಎರಡನೆಯ ಲೆಕ್ಕ ಸ್ಪೀಡಿನದು, ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬುದರದು; ಅಂಕಿ ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲಿ. ಡಬ್ಬಿಯ ಮೇಲೆ 400 ಎಂದು ಅಚ್ಚಾದ ಫಿಲ್ಮುಗಳೆಲ್ಲ ನನ್ನ ಟ್ಯಾಂಕಿನಲ್ಲಿ 400 ಆಗಿ ಹೊರಬರುವುದಿಲ್ಲ. ಇದನ್ನು ಪರೀಕ್ಷಿಸಲು ದೊಡ್ಡ ಉಪಕರಣ ಬೇಡ. ನೆರಳಿನಲ್ಲಿ, ಬೆಳಕು ಏರಿಳಿಯದ ಜಾಗದಲ್ಲಿ, ನೇಯ್ಗೆ ಕಾಣುವಂಥ ಒಂದು ಕಪ್ಪು ಬಟ್ಟೆ ಮತ್ತು ಒಂದು ಬಿಳಿ ಬಟ್ಟೆ ತೂಗುಹಾಕಿದೆ. ಕ್ಯಾಮೆರಾ ಟ್ರೈಪಾಡ್ ಮೇಲೆ. ಮೀಟರನ್ನು 800, 400, 200, 100ಕ್ಕೆ ಇಟ್ಟುಕೊಂಡು ಒಂದೊಂದು ಫ್ರೇಮ್. ಪ್ರತಿ ಫಿಲ್ಮಿಗೂ ಅದೇ ಲೆನ್ಸ್, ಅದೇ ಡಿ-76 ಡೆವಲಪರ್, ಅದೇ 20 ಡಿಗ್ರಿ. ಸಮಯ ಮಾತ್ರ ಆಯಾ ಫಿಲ್ಮಿನದು. ಒಣಗಿದ ನೆಗೆಟಿವನ್ನು ಲೈಟ್ ಬಾಕ್ಸ್ ಮೇಲಿಟ್ಟು, ಕಪ್ಪು ಬಟ್ಟೆಯ ನೇಯ್ಗೆ ಯಾವ ಫ್ರೇಮಿನಲ್ಲಿ ಮೊದಲು ಸ್ಪಷ್ಟವಾಗಿ ಕಾಣಿಸುತ್ತದೆ ಎಂದು ಲೂಪ್‌ನಲ್ಲಿ (ಭೂತಗನ್ನಡಿ) ನೋಡುವುದು. ನೆರಳಿನ ವಿವರ ಫಿಲ್ಮಿನ ಮೇಲೆ ಬಿದ್ದಿಲ್ಲದಿದ್ದರೆ ಡೆವಲಪರ್‌ನಲ್ಲಿ ಎಷ್ಟು ಹೊತ್ತು ಅಲ್ಲಾಡಿಸಿದರೂ ಅದು ಬರುವುದಿಲ್ಲ.

ಎಚ್‌ಪಿ5 ಪ್ಲಸ್ 400ರಲ್ಲಿ ಪಾಸಾಯಿತು, 320ರಲ್ಲಿ ಇನ್ನೂ ನೆಮ್ಮದಿ. ಟ್ರೈ-ಎಕ್ಸ್ ಕೂಡ ಹಾಗೆಯೇ. ಕೆಂಟ್‌ಮಿಯರ್ 400 ಅವುಗಳ ಹಿಂದೆಯೇ ಇತ್ತು. ಫೋಮಾಪ್ಯಾನ್ 400 ಮಾತ್ರ ನೇಯ್ಗೆ ತೋರಿಸಿದ್ದು 200ರ ಫ್ರೇಮಿನಲ್ಲಿ. ಮೈಕ್ರೋಫೆನ್‌ನಂಥ ಸ್ಪೀಡ್ ಎತ್ತುವ ಡೆವಲಪರ್‌ನಲ್ಲಿ ಸ್ವಲ್ಪ ಮೇಲೆ ಬರುತ್ತದೆ, ಆದರೆ ನಾನು ಬಳಸುವುದು ಅದಲ್ಲ. ಹಾಗಾಗಿ ನನ್ನ ಪಟ್ಟಿಯಲ್ಲಿ ಫೋಮಾಪ್ಯಾನ್ 400 ಅನ್ನು 200ರ ಫಿಲ್ಮುಗಳ ಸಾಲಿಗೆ ಇಳಿಸಿದೆ. ಅದು ಕೆಟ್ಟ ಫಿಲ್ಮ್ ಎಂದಲ್ಲ. ಹೊರಗಿನ ಬೆಳಕಿನಲ್ಲಿ ಅದರ ಗ್ರೇನ್ ನನಗೆ ಇಷ್ಟವೇ. ಆದರೆ ಮಂದ ಬೆಳಕಿನ ಕೋಣೆಯಲ್ಲಿ ಎಫ್/2ರಲ್ಲಿ 1/60 ಸೆಕೆಂಡ್ ಸಿಗುವ ಕಡೆ 1/30ಕ್ಕೆ ಇಳಿಯಬೇಕಾಗುತ್ತದೆ. ಮಾತಾಡುತ್ತಿರುವ ಮನುಷ್ಯನ ಮುಖ 1/30ರಲ್ಲಿ ಅಲುಗುತ್ತದೆ. ರೋಲಿನಲ್ಲಿ ಉಳಿಸಿದ್ದು ಕೆಟ್ಟ ಫ್ರೇಮುಗಳಲ್ಲಿ ಹೋಯಿತು. ಒಳಾಂಗಣಕ್ಕೆ ಎಚ್‌ಪಿ5 ಪ್ಲಸ್ ನನಗೆ ಅಗ್ಗವಾಗಿ ಬಿದ್ದದ್ದು ಹೀಗೆ.

ಟ್ರೈ-ಎಕ್ಸ್‌ನಿಂದ ಎಚ್‌ಪಿ5 ಪ್ಲಸ್‌ಗೆ ಬರುವುದು ಸುಲಭ ಎನ್ನುತ್ತಾರೆ. ಸುಲಭವೇ, ಆದರೆ ರೋಲ್ ಬದಲಿಸಿ ಉಳಿದದ್ದೆಲ್ಲ ಹಾಗೇ ಇಟ್ಟರೆ ಆಗದು. ಡಿ-76 ಮತ್ತು ಇಲ್‌ಫರ್ಡಿನ ಐಡಿ-11 ಕೆಲಸದಲ್ಲಿ ಒಂದೇ ಡೆವಲಪರ್. 20 ಡಿಗ್ರಿಯಲ್ಲಿ, ಒಂದು ಪಾಲಿಗೆ ಒಂದು ಪಾಲು ನೀರು ಬೆರೆಸಿದಾಗ, ಟ್ರೈ-ಎಕ್ಸ್‌ಗೆ ಕೊಡಕ್ ಹೇಳುವ ಸಮಯ ಒಂಬತ್ತೂಮುಕ್ಕಾಲು ನಿಮಿಷ, ಎಚ್‌ಪಿ5 ಪ್ಲಸ್‌ಗೆ ಇಲ್‌ಫರ್ಡ್ ಹೇಳುವುದು 13 ನಿಮಿಷ. ಟ್ರೈ-ಎಕ್ಸ್‌ನ ಸಮಯಕ್ಕೇ ಎಚ್‌ಪಿ5 ತೊಳೆದು, ಇದು ಸಪ್ಪೆ ಫಿಲ್ಮ್ ಎಂದು ದೂರುವವರನ್ನು ಕಂಡಿದ್ದೇನೆ. ಸರಿಯಾದ ಸಮಯ ಕೊಟ್ಟರೂ ನನ್ನ ಕೈಯಲ್ಲಿ ಎಚ್‌ಪಿ5ರ ನಡುವಣ ಬೂದು ಛಾಯೆಗಳು ಸ್ವಲ್ಪ ಮೆತ್ತಗೆ. ಪ್ರಿಂಟ್ ಮಾಡುವಾಗ ಕಪ್ಪು-ಬಿಳುಪಿನ ಅಂತರ ಹೆಚ್ಚಿಸಲು ಫಿಲ್ಟರನ್ನು ಅರ್ಧ ಗ್ರೇಡ್ ಏರಿಸುತ್ತೇನೆ, ಅಷ್ಟೇ. ಸ್ಕ್ಯಾನ್ ಮಾಡುವವರಿಗೆ ಈ ವ್ಯತ್ಯಾಸ ಕರ್ವ್ ಒಂದನ್ನು ಎಳೆದರೆ ಮುಗಿಯಿತು. ಎರಡೂ ಫಿಲ್ಮಿನ ಪ್ರಿಂಟುಗಳನ್ನು ಬೆರೆಸಿ ಗೋಡೆಗೆ ಹಾಕಿದರೆ ಯಾವುದು ಯಾವುದು ಎಂದು ನನಗೇ ಹಿಂದೆ ತಿರುಗಿಸಿ ನೋಡಬೇಕಾಗುತ್ತದೆ.

ಕೆಂಟ್‌ಮಿಯರ್ ಕೂಡ ಹಾರ್ಮನ್ನಿನದೇ, ಎಚ್‌ಪಿ5 ಬರುವ ಇಂಗ್ಲೆಂಡಿನ ಮೊಬರ್ಲಿ ಕಾರ್ಖಾನೆಯಿಂದಲೇ ಬರುತ್ತದೆ. ಒಂದೇ ಕಾರ್ಖಾನೆ ಅಂದಮಾತ್ರಕ್ಕೆ ಒಂದೇ ಫಿಲ್ಮ್ ಅಲ್ಲ. ಚೌಕಟ್ಟಿನೊಳಗೆ ಉರಿಯುವ ದೀಪವೋ ಬಿಸಿಲು ಬಿದ್ದ ಕಿಟಕಿಯೋ ಇದ್ದರೆ ಕೆಂಟ್‌ಮಿಯರ್‌ನಲ್ಲಿ ಅದರ ಸುತ್ತ ಬೆಳಕಿನ ಹರಡಿಕೆ ಹೆಚ್ಚು. 1600ಕ್ಕೆ ಎಳೆದಾಗ (ಕಡಿಮೆ ಬೆಳಕು ಕೊಟ್ಟು ಹೆಚ್ಚು ಹೊತ್ತು ಡೆವಲಪ್ ಮಾಡಿದಾಗ) ಎಚ್‌ಪಿ5ರಷ್ಟು ಬಾಳುವುದಿಲ್ಲ. ಇವೆರಡೂ ಅಡ್ಡಿಯಾಗದ ಕೆಲಸಕ್ಕೆ, ಅಂದರೆ ಮೋಡದ ಹಗಲು, ಷಟರ್ ಪರೀಕ್ಷೆ, ಹೊಸಬರಿಗೆ ಕಲಿಸುವುದು ಇಂಥವಕ್ಕೆ ಕೆಂಟ್‌ಮಿಯರ್‌ನ ಬೆಲೆಗಿಂತ ಹೆಚ್ಚು ಕೊಡಲು ನನಗೆ ಮನಸ್ಸಿಲ್ಲ. 2022ರಿಂದ 120ರಲ್ಲೂ ಸಿಗುತ್ತಿದೆ.

ಹೊಸ ಹೊಸ ಹೆಸರಿನ ರೋಲುಗಳ ಬಗ್ಗೆ ಒಂದು ಮಾತು. ಬ್ರ್ಯಾಂಡುಗಳು ಹತ್ತಾರು, ಎಮಲ್ಷನ್ ಬಳಿಯುವ ಕಾರ್ಖಾನೆಗಳು ಕೆಲವೇ. ಅರಿಸ್ಟಾ ಇಡಿಯು ಅಲ್ಟ್ರಾ ಎಂಬುದು ಫೋಮಾದ್ದೇ. ಡಬ್ಬಿಯ ಮೇಲೆ ಯಾವ ದೇಶದ ತಯಾರಿಕೆ ಎಂದು ನೋಡಿ, ಆಮೇಲೆ ಡೆವಲಪಿಂಗ್ ಸಮಯದ ಕೋಷ್ಟಕವನ್ನು ಪರಿಚಿತ ಫಿಲ್ಮುಗಳ ಕೋಷ್ಟಕದ ಪಕ್ಕದಲ್ಲಿಟ್ಟು ನೋಡುತ್ತೇನೆ. ಸಾಲುಸಾಲಾಗಿ ಹೊಂದಿದರೆ ಚಂದದ ಹೊಸ ಡಬ್ಬಿಗೆ ಹೆಚ್ಚು ಕೊಡುವ ಮೊದಲು ಯೋಚಿಸುತ್ತೇನೆ. ಡಬಲ್-ಎಕ್ಸ್ ಇದೆಯಲ್ಲ, ಕೊಡಕ್ 1959ರಲ್ಲಿ ಸಿನಿಮಾಕ್ಕೆಂದು ತಂದ ನೆಗೆಟಿವ್, ಅದು ಬಿಡಿ ಕ್ಯಾಸೆಟ್ಟುಗಳಲ್ಲಿ ಬೇರೆ ಹೆಸರಿನಿಂದ ಬರುತ್ತದೆ. ಹಗಲಿಗೆ 250, ಟಂಗ್‌ಸ್ಟನ್ ದೀಪಕ್ಕೆ 200. ಬಣ್ಣದ ಸಿನಿಮಾ ಫಿಲ್ಮಿನ ಬೆನ್ನಿಗೆ ಬಹುಕಾಲ ಇದ್ದ ಕರಿ ಲೇಪ ಇದಕ್ಕಿಲ್ಲ, ಮಾಮೂಲಿ ಡಿ-76ರಲ್ಲೇ ತೊಳೆಯಬಹುದು. ಅದರ ನೋಟ ಬೇಕೆಂದೇ ಕೊಳ್ಳುವುದಾದರೆ ಸರಿ, ಉಳಿತಾಯಕ್ಕೆಂದು ಬೇಡ.

ಬೆಲೆ ಕಡಿಮೆ, ಗುಣ ಹೆಚ್ಚು ಎಂದು ನಾನು ಕಣ್ಣುಮುಚ್ಚಿ ಹೇಳುವುದು ಫೋಮಾಪ್ಯಾನ್ 100 ಒಂದನ್ನೇ, ಅದೂ ರಾತ್ರಿ ಚಿತ್ರಣ ಬಿಟ್ಟು. ದೀರ್ಘ ಎಕ್ಸ್‌ಪೋಷರ್‌ನಲ್ಲಿ ಅದರ ಸ್ಪೀಡ್ ಗಡಗಡನೆ ಕುಸಿಯುತ್ತದೆ. ಮೀಟರ್ 1 ಸೆಕೆಂಡ್ ಎಂದರೆ ಫೋಮಾದ ಕೋಷ್ಟಕದ ಪ್ರಕಾರ 2 ಸೆಕೆಂಡ್ ಕೊಡಬೇಕು. 10 ಎಂದರೆ 80. 100 ಎಂದರೆ 1600, ಅಂದರೆ ಸುಮಾರು 27 ನಿಮಿಷ. ಆಕ್ರೋಸ್ II ಅದೇ ಸ್ಪೀಡಿನ ಫಿಲ್ಮ್, ಎರಡು ನಿಮಿಷದವರೆಗೆ ಯಾವ ತಿದ್ದುಪಡಿಯೂ ಬೇಡ. ಚಳಿಯಲ್ಲಿ ಟ್ರೈಪಾಡ್ ಪಕ್ಕ ನಿಂತು ಒಂದು ಚಿತ್ರಕ್ಕೆ ಅರ್ಧ ಗಂಟೆ ಕಾಯುವವನಿಗೆ ಆಕ್ರೋಸ್‌ನ ಬೆಲೆ ಹೆಚ್ಚೆನಿಸುವುದಿಲ್ಲ. ಫೋಮಾದ ಎಮಲ್ಷನ್ ಒದ್ದೆಯಿದ್ದಾಗ ಮೃದು. ಒಣಗಿಸಲು ತೂಗುಹಾಕುವಾಗ ಬೆರಳು, ಸ್ಕ್ವೀಜಿ ಯಾವುದೂ ತಾಗಿಸಬೇಡಿ. 120 ರೋಲಿನ ಮೊದಲ ನೀರು ಹಸಿರಾಗಿ ಬಂದರೆ ಗಾಬರಿಯಾಗಬೇಡಿ, ಅದು ಹಿಂಬದಿಯ ಬಣ್ಣ ಕರಗಿದ್ದು.

ಬಲ್ಕ್ ರೋಲ್, ಅಂದರೆ ಉದ್ದನೆಯ ಫಿಲ್ಮ್ ಕೊಂಡು ನಾವೇ ಕ್ಯಾಸೆಟ್ಟುಗಳಿಗೆ ಸುತ್ತಿಕೊಳ್ಳುವ ವಿಷಯ. 100 ಅಡಿಯ, ಎಂದರೆ 30.5 ಮೀಟರಿನ ಡಬ್ಬದಿಂದ 36 ಚಿತ್ರಗಳ 18 ರೋಲ್ ಆಗುತ್ತವೆ. ಕೊಳ್ಳುವ ಮೊದಲು ಬೆಲೆಯನ್ನು 18ರಿಂದ ಭಾಗಿಸಿ ನೋಡಲೇಬೇಕು. ಬಿಡಿ ರೋಲುಗಳಿಗಿಂತ ಬಲ್ಕೇ ದುಬಾರಿಯಾದ ಉದಾಹರಣೆ ಕೊಡಕ್ ಫಿಲ್ಮುಗಳಲ್ಲಿ ಇದೆ. ಇಲ್‌ಫರ್ಡ್ ಮತ್ತು ಫೋಮಾದಲ್ಲಿ ನನಗೆ ಉಳಿತಾಯ ಆಗಿದೆ. ಲೋಡರಿನಲ್ಲಿ ಸುತ್ತುವಾಗ ತುದಿಯನ್ನು ಬೆಳಕಿನಲ್ಲೇ ಸ್ಪೂಲಿಗೆ ಅಂಟಿಸುವುದರಿಂದ ಕೊನೆಯ ಒಂದೆರಡು ಫ್ರೇಮ್ ಸುಟ್ಟಿರುತ್ತವೆ, ಅಲ್ಲಿ ಮುಖ್ಯವಾದದ್ದನ್ನು ತೆಗೆಯಬಾರದು. ಕ್ಯಾಸೆಟ್ಟಿನ ಬಾಯಿಯ ಮಖಮಲ್ಲಿನಲ್ಲಿ ಒಂದು ಕಣ ಮರಳು ಕೂತರೆ ರೋಲಿನುದ್ದಕ್ಕೂ ಗೆರೆ, ಹಾಗಾಗಿ ಹಳೆಯ ಕ್ಯಾಸೆಟ್ಟುಗಳನ್ನು ಕೆಲವು ಸಲ ಬಳಸಿ ಎಸೆಯುತ್ತೇನೆ. ಸ್ಪೀಡನ್ನು ಕೈಯಿಂದ ಬದಲಿಸಲಾಗದ ಕಾಂಪ್ಯಾಕ್ಟ್ ಕ್ಯಾಮೆರಾ ಇದ್ದವರು ಡಿಎಕ್ಸ್ ಕೋಡ್ (ಕ್ಯಾಮೆರಾಗೆ ಸ್ಪೀಡ್ ತಿಳಿಸುವ ಗುರುತು) ಇಲ್ಲದ ಕ್ಯಾಸೆಟ್ ಹಾಕಿದರೆ ಬಹಳಷ್ಟು ಕ್ಯಾಮೆರಾಗಳು ಅದನ್ನು 100 ಎಂದೇ ತಿಳಿಯುತ್ತವೆ. ಅಂಥವರಿಗೆ ಬಲ್ಕ್ ಬೇಡ, ಇಲ್ಲವೇ ಕೋಡಿನ ಸ್ಟಿಕ್ಕರ್ ಹಚ್ಚಬೇಕು.

ಬೆಲೆ ಏರುವ ಸುದ್ದಿ ಬಂದ ಕೂಡಲೇ ಫ್ರಿಜ್ ತುಂಬಿಸುವ ಅಭ್ಯಾಸ ನನಗಿಲ್ಲ. 100ರ ಫಿಲ್ಮ್ ತಣ್ಣಗಿಟ್ಟರೆ ಬಹಳ ವರ್ಷ ತಾಳುತ್ತದೆ. 400 ಮತ್ತು ಅದಕ್ಕೂ ಮೇಲಿನವು ಸುತ್ತಲಿನ ಸಹಜ ವಿಕಿರಣಕ್ಕೇ ನಿಧಾನವಾಗಿ ಮಸುಕಾಗುತ್ತವೆ, ಅದನ್ನು ಫ್ರೀಜರ್ ತಡೆಯದು. ಒಂದು ವರ್ಷದ ಬಳಕೆಗೆ ಸಾಕಾಗುವಷ್ಟು ಕೊಂಡು ನಿಲ್ಲಿಸುತ್ತೇನೆ. ಫ್ರಿಜ್‌ನಿಂದ ತೆಗೆದ ರೋಲ್ ಕೋಣೆಯ ಬಿಸಿಗೆ ಬರುವವರೆಗೆ ಪ್ಯಾಕ್ ಒಡೆಯುವುದಿಲ್ಲ, ಒಡೆದರೆ ಮೇಲೆ ಹನಿ ಕಟ್ಟುತ್ತದೆ.

ಬ್ರ್ಯಾಂಡ್ ಬದಲಿಸುವುದಕ್ಕೂ ಒಂದು ಮಿತಿ ಇಟ್ಟುಕೊಂಡಿದ್ದೇನೆ: ಫ್ರೇಮಿನ ಒಟ್ಟು ಖರ್ಚಿನಲ್ಲಿ ಕಾಲು ಭಾಗ ಉಳಿಯದಿದ್ದರೆ ಬದಲಿಸುವುದಿಲ್ಲ. ಹೊಸ ಫಿಲ್ಮಿನ ಸ್ಪೀಡ್, ಸಮಯ, ಪ್ರಿಂಟಿನ ಗ್ರೇಡ್ ಕೈಗೆ ಹತ್ತುವಷ್ಟರಲ್ಲಿ ಕೆಲವು ರೋಲ್ ಹೋಗಿರುತ್ತವೆ, ಆ ಖರ್ಚನ್ನೂ ಎಣಿಸಬೇಕಲ್ಲ. ಬೆಲೆ ಕೆಲವೊಮ್ಮೆ ಇಳಿಯುವುದೂ ಉಂಟು. ಹಾಗೆ ಇಳಿದಾಗ ಟ್ರೈ-ಎಕ್ಸ್ ಒಂದೆರಡು ರೋಲ್ ತರುತ್ತೇನೆ. ಅದು ಲೆಕ್ಕಕ್ಕೆ ಸೇರಿದ್ದಲ್ಲ, ಹಳೆಯ ಪ್ರೀತಿ.

ಪೂರ್ತಿ ಕೈಬಿಟ್ಟದ್ದು 3200ರ ಫಿಲ್ಮುಗಳನ್ನು. ಡಬ್ಬಿಯ ಅಂಕಿಯನ್ನು ಅಗ್ಗದವರು ಮಾತ್ರ ಹಿಗ್ಗಿಸುವುದಲ್ಲ: ಇಲ್‌ಫರ್ಡ್ ಡೆಲ್ಟಾ 3200ರ ಐಎಸ್‌ಒ ಸ್ಪೀಡ್ 1000 ಎಂದು ಇಲ್‌ಫರ್ಡಿನ ಮಾಹಿತಿ ಹಾಳೆಯೇ ಹೇಳುತ್ತದೆ, ಉಳಿದದ್ದು ಹೆಚ್ಚು ಹೊತ್ತು ಡೆವಲಪ್ ಮಾಡಿ ಎಳೆದದ್ದು. ರಂಗದ ಮೇಲಿನ ದೀಪಗಳಿಗೆ ನಾನು ಎಚ್‌ಪಿ5 ಪ್ಲಸ್ ಅನ್ನೇ 1600ಕ್ಕೆ ಇಟ್ಟು, ನೀರು ಬೆರೆಸದ ಐಡಿ-11ರಲ್ಲಿ 14 ನಿಮಿಷ ತೊಳೆಯುತ್ತೇನೆ. ನೆರಳುಗಳು ಕಪ್ಪಾಗಿ ಮುಚ್ಚಿಕೊಳ್ಳುತ್ತವೆ; ಪರದೆಯ ಹಿಂದಿನ ಕತ್ತಲು ನನಗೆ ಬೇಕಾಗಿಯೂ ಇಲ್ಲ.