ಹಾಡಿನ ಮಿಕ್ಸಿಂಗ್: ನೀವೇ ಮಾಡುವುದೋ, ಮಾಡಿಸುವುದೋ?

ಮನೆಯ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡಿಕೊಂಡವರು ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಹಂತಕ್ಕೆ ಬಂದಾಗ ಮೊದಲು ದುಡ್ಡಿನ ಲೆಕ್ಕ ಹಾಕುತ್ತಾರೆ. ಒಂದು ಹಾಳೆ, ಒಂದು ಪೆನ್ನು ತೆಗೆದಿಡಿ ಎನ್ನುತ್ತೇನೆ ನಾನು. ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲಿಗೆ ಒರಟು ಮಿಕ್ಸ್ ಒಂದನ್ನು ನೀವೇ ಮಾಡಿ. ರೀಪರ್ ತಂತ್ರಾಂಶವನ್ನು 60 ದಿನ ಹಣ ಕೊಡದೆ ಬಳಸಿ ನೋಡಬಹುದು. ಸದ್ದಿನ ಗುಣ ಬದಲಿಸುವ ಪ್ಲಗಿನ್‌ಗಳ ತಂಟೆ ಬೇಡ; ಬರೀ ಸದ್ದು ಏರಿಳಿಸುವ ಫೇಡರ್‌ಗಳಲ್ಲಿ ದನಿ, ಗಿಟಾರ್, ತಾಳವಾದ್ಯಗಳನ್ನು ಸರಿದೂಗಿಸಿ. ಸದ್ದು ಸಣ್ಣದಿರಲಿ, ಜೋರಾಗಿಟ್ಟರೆ ಎಂಥ ಮಿಕ್ಸೂ ಚೆಂದವೇ. ಒಂದು ರಾತ್ರಿ ಬಿಟ್ಟು ಮೊಬೈಲ್ ಸ್ಪೀಕರಿನಲ್ಲಿ ಕೇಳಿ.

ಈಗ ಹಾಳೆ. ಹಾಡನ್ನು ಹಿಂದೆಂದೂ ಕೇಳದ ಒಬ್ಬರನ್ನು ಕೂರಿಸಿ, ಕಿವಿಗೆ ಬಿದ್ದ ಸಾಹಿತ್ಯವನ್ನು ಬರೆಯಲು ಹೇಳಿ. ಈ ಪರೀಕ್ಷೆಗೆ ನಿಮ್ಮ ಕಿವಿ ಆಗಿಬರುವುದಿಲ್ಲ. ಸಾಲುಗಳು ನಿಮಗೆ ಬಾಯಿಪಾಠ. ಕೇಳಿಸದ ಅಕ್ಷರವನ್ನೂ ಮನಸ್ಸು ತುಂಬಿಕೊಳ್ಳುತ್ತದೆ. ನಾನು ‘ಬೆಟ್ಟ ಏರಿತು ಹಾಡು’ ಎಂದು ಹಾಡಿದ್ದೆ. ಅತ್ತಿಗೆ ‘ಬೆಟ್ಟ ಏರಿತು ಆಡು’ ಎಂದು ಬರೆದುಕೊಟ್ಟರು. ಬೆಟ್ಟ ಹತ್ತುವುದು ಮೇಕೆಯ ಕೆಲಸವೇ ಆದ್ದರಿಂದ ಅವರಿಗೆ ಅನುಮಾನವೂ ಬಂದಿರಲಿಲ್ಲ! ಹಕಾರವೆಂದರೆ ಬರೀ ಉಸಿರು. ಅದೇ ಕ್ಷಣಕ್ಕೆ ಬಿದ್ದ ಗಿಟಾರಿನ ಮೀಟು ಅದನ್ನು ನುಂಗಿತ್ತು. ಆ ಒಂದು ಅಕ್ಷರದ ಜಾಗದಲ್ಲಿ ಗಿಟಾರನ್ನು 3 ಡೆಸಿಬೆಲ್ ಇಳಿಸಿದೆ, ಆಡು ಮತ್ತೆ ಹಾಡಾಯಿತು.

ಹಾಳೆಯಲ್ಲಿ ಇಂಥ ತಪ್ಪು ಮೂರೋ ನಾಲ್ಕೋ ಇದ್ದು, ಕಾರಣವೂ ತಿಳಿದರೆ ನೀವೇ ಮುಗಿಸಿ. ಒಂದು ಕಡೆ ಸರಿಪಡಿಸಿದರೆ ಇನ್ನೊಂದು ಕಡೆ ಕೆಡುತ್ತಿದೆ, ಅಥವಾ ಏಳೆಂಟು ಮೈಕಿನ ಡ್ರಮ್ಸ್ ಇದೆ ಎಂದಾದರೆ ಬಲ್ಲವರಿಗೆ ಕೊಡಿ. ದನಿಯಲ್ಲೇ ಕೋಣೆಯ ಪ್ರತಿಧ್ವನಿ ಕೂತಿದ್ದರೆ ಮಾತ್ರ ಯಾರಿಗೂ ಹಣ ಕೊಡಬೇಡಿ. ಹೊದಿಕೆಗಳನ್ನು ನೇತುಹಾಕಿ ಮತ್ತೊಮ್ಮೆ ಹಾಡಿ.

ಕೊಡುವುದಾದರೆ, ದನಿ, ವಾದ್ಯಗಳ ಪ್ರತಿ ಟ್ರ್ಯಾಕನ್ನೂ ಹಾಡಿನ ಆರಂಭದ ಬಿಂದುವಿನಿಂದಲೇ 24 ಬಿಟ್ ವೇವ್ (WAV) ಕಡತವಾಗಿ ತೆಗೆಯಿರಿ. ಎಷ್ಟು ಸಲ ತಿದ್ದಿಕೊಡುತ್ತಾರೆ ಎಂಬುದನ್ನು ಮುಂಚೆಯೇ ಮಾತಾಡಿ. ‘ಇನ್ನೂ ಜೋರು ಮಾಡಿ’ ಎಂದು ಪೀಡಿಸಬೇಡಿ. ಸ್ಪಾಟಿಫೈ ಹೇಗೂ ಜೋರಿನ ಹಾಡನ್ನು ಜೋರಿನ ಅಳತೆಯಾದ ಲಫ್ಸ್ (LUFS) ಲೆಕ್ಕದಲ್ಲಿ ಸುಮಾರು ಮೈನಸ್ 14ಕ್ಕೆ ತಗ್ಗಿಸುತ್ತದೆ. ಒರಟು ಮಿಕ್ಸ್, ಸಾಹಿತ್ಯ ಎರಡನ್ನೂ ಜೊತೆಗಿಡಿ. ಎಂಜಿನಿಯರಿಗೆ ಕನ್ನಡ ಬಾರದಿದ್ದರೆ ಕಳೆದುಹೋದ ಹಕಾರ ಅವರ ಗಮನಕ್ಕೇ ಬರುವುದಿಲ್ಲ.

ಮಿಕ್ಸ್ ವಾಪಸು ಬಂದಾಗ ಮತ್ತೆ ಹಾಳೆ, ಪೆನ್ನು. ಈ ಸಲ ಅತ್ತಿಗೆ ಬೇಡ, ಅವರಿಗೆ ಸಾಲು ಗೊತ್ತಾಗಿಬಿಟ್ಟಿದೆ.