ಸೊಪ್ಪು ಬಸಿದ ನೀರು ಎಲ್ಲಿ ಹೋಯಿತು?

ಹಾಸನದಲ್ಲಿ ನಾನು ಡಯಟಿಷಿಯನ್. ಶುಗರ್‌ನಿಂದ ಕಿಡ್ನಿಗೆ ಪೆಟ್ಟು ಬಿದ್ದವರು ಬಂದು ಕೂತರೆ ಮೊದಲೆಲ್ಲ ಶುಗರ್, ಬಿಪಿ, ಉಪ್ಪು ಇಷ್ಟೇ ವಿಚಾರಿಸುತ್ತಿದ್ದೆ. ಈಗ ಇನ್ನೊಂದು ಪ್ರಶ್ನೆ ಸೇರಿದೆ: "ಮೋಷನ್ ದಿನಾ ಆಗುತ್ತಾ?" ಹೆಂಗಸರು ನಗುತ್ತಾರೆ. ಗಂಡಸರು ಹೆಂಡತಿ ಮುಖ ನೋಡುತ್ತಾರೆ.

ಈ ಪ್ರಶ್ನೆ ಕಲಿಸಿದವರು ಒಬ್ಬ ರಿಟೈರ್ಡ್ ಮೇಷ್ಟ್ರು. ಕಿಡ್ನಿಗೆ ಪೆಟ್ಟು ಬಿದ್ದರೆ ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಯೂರಿನ್‌ಗೆ ಸೋರುತ್ತದೆ. ಯೂರಿನ್ ಟೆಸ್ಟಿನಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ (ಯೂರಿನ್‌ನಲ್ಲಿ ಹೋಗುವ ಒಂದು ಕಸ) ಅದು 30 ಮಿಲಿಗ್ರಾಂ ಒಳಗಿರಬೇಕು. ಅವರದು 210. ಶುಗರ್ ಮಾತ್ರ ಪರವಾಗಿಲ್ಲ.

"ಊಟ ಏನು ಮಾಡ್ತೀರಿ ಮೇಷ್ಟ್ರೇ?"

"ಅನ್ನ, ಮುದ್ದೆ ಎಲ್ಲಾ ಬಿಟ್ಟಿದೀನಮ್ಮ. ಮಗ ಪ್ರೋಟೀನ್ ಪೌಡರ್ ತಂದುಕೊಟ್ಟಿದಾನೆ, ದಿನಕ್ಕೆ ಎರಡು ಸಲ. ಮೂರು ಮೊಟ್ಟೆ. ರಾತ್ರಿ ಚಿಕನ್."

ಕಾಳು, ತರಕಾರಿ ಗ್ಯಾಸ್ ಆಗುತ್ತೆ ಅಂತ ದೂರ. ಮೋಷನ್ ನಾಲ್ಕು ದಿನಕ್ಕೊಮ್ಮೆ.

ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಕಾಳು, ತರಕಾರಿಯ ನಾರು ಸಿಕ್ಕರೆ ಬ್ಯುಟಿರೇಟ್‌ನಂಥ ಆಮ್ಲ ತಯಾರಿಸುತ್ತವೆ. ಕರುಳಿನ ಒಳಪದರಕ್ಕೆ ಅದೇ ಊಟ. ನಾರು ಸಿಗದಿದ್ದರೆ, ಜೀರ್ಣವಾಗದೆ ಉಳಿದ ಪ್ರೋಟೀನಿಗೆ ಬಾಯಿ ಹಾಕುತ್ತವೆ. ಆಗ ಹುಟ್ಟುವುದು ಇಂಡೋಲ್, ಪಿ-ಕ್ರೆಸಾಲ್, ಫಿನಾಲ್. ಲಿವರ್ ಇವಕ್ಕೆ ಸಲ್ಫೇಟ್ ಅಂಟಿಸಿ ರಕ್ತಕ್ಕೆ ಬಿಡುತ್ತದೆ, ಹೊರಗೆ ಹಾಕುವ ಪಾಡು ಕಿಡ್ನಿಯದು. ಕಿಡ್ನಿಯೇ ಸೋತಿದ್ದರೆ? ರಕ್ತದಲ್ಲೇ ಉಳಿದು ಕಿಡ್ನಿಯನ್ನು ಇನ್ನಷ್ಟು ಕಾಡುತ್ತವೆ. ಮಲ ಒಳಗೆ ನಿಂತಷ್ಟೂ ಈ ತಯಾರಿಗೆ ಪುರುಸೊತ್ತು ಜಾಸ್ತಿ.

2019ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು ಇದನ್ನು ಶುಗರ್ ಇರುವವರಲ್ಲೇ ನೋಡಿದರು. ಆಲ್ಬುಮಿನ್ ಸೋರಲು ಆಗಷ್ಟೇ ಶುರುವಾದವರಲ್ಲಿ ರಕ್ತದಲ್ಲಿ ಫಿನೈಲ್ ಸಲ್ಫೇಟ್ (ಸಲ್ಫೇಟ್ ಅಂಟಿದ ಫಿನಾಲ್) ಜಾಸ್ತಿ ಇದ್ದರೆ, ಮುಂದಿನ ಎರಡು ವರ್ಷದಲ್ಲಿ ಸೋರಿಕೆಯೂ ಏರುತ್ತಿತ್ತು. ಫಿನಾಲ್ ಮಾಡುವ ಬ್ಯಾಕ್ಟೀರಿಯಾದ ಕಿಣ್ವವನ್ನು ತಡೆದಾಗ ಸೋರಿಕೆ ಇಳಿಯಿತು. ಆದರೆ ಅದು ಇಲಿಗಳಲ್ಲಿ. ಪ್ರೋಬಯಾಟಿಕ್ ಮಾತ್ರೆ, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾದ ಮಾತ್ರೆ, ಬರೆದುಕೊಡಿ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಮೇಷ್ಟ್ರ ಪೌಡರ್ ನಿಲ್ಲಿಸಿದೆ. 65 ಕೆಜಿ ಮನುಷ್ಯ, ಕೆಜಿಗೆ 0.8 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 52 ಗ್ರಾಂ ಪ್ರೋಟೀನ್ ಸಾಕು. ಸಣ್ಣ ಮುದ್ದೆ ವಾಪಸ್ ಬಂತು. ಹೆಸರುಕಾಳು ಮೊದಲ ವಾರ ಎರಡೇ ಚಮಚ, ಆಮೇಲೆ ನಿಧಾನಕ್ಕೆ ಜಾಸ್ತಿ. ಒಂದೇ ಸಲ ಸುರಿದರೆ ಗ್ಯಾಸ್ ಆಗಿ ಪೂರ್ತಿ ಬಿಟ್ಟುಬಿಡುತ್ತಾರೆ. ಮೂರನೇ ವಾರಕ್ಕೆ ಮೋಷನ್ ದಿನಾ ಆಗತೊಡಗಿತು. ನಾಲ್ಕು ತಿಂಗಳಿಗೆ ಆಲ್ಬುಮಿನ್ 140. ಆದರೆ ಡಾಕ್ಟರು ಬಿಪಿ ಮಾತ್ರೆಯನ್ನೂ ಏರಿಸಿದ್ದರು. ಎಷ್ಟು ಮಾತ್ರೆಯದು, ಎಷ್ಟು ಮುದ್ದೆಯದು ಅಂತ ಹೇಗೆ ಹೇಳಲಿ?

ನಾನಂತೂ ಬೀಗಿದೆ. ಬಂದವರಿಗೆಲ್ಲ ಸೊಪ್ಪು ತಿನ್ನಿ ಅಂದೆ. ಕಿಡ್ನಿ ಇನ್ನೂ ಜಾಸ್ತಿ ಸೋತಿದ್ದ ಒಬ್ಬ ಅಜ್ಜಿಗೂ ಅಂದೆ. ಸೊಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತೆ, ಸೋತ ಕಿಡ್ನಿ ಅದನ್ನು ಸರಿಯಾಗಿ ಹೊರಗೆ ಹಾಕಲ್ಲ, ಬೇಯಿಸಿ ನೀರು ಬಸಿದುಬಿಡಿ ಅಂತಲೂ ಹೇಳಿದ್ದೆ. ತಿಂಗಳಿಗೆ ರಕ್ತದ ಪೊಟ್ಯಾಸಿಯಂ 5.9, ಐದರ ಆಸುಪಾಸಿನಲ್ಲೇ ನಿಲ್ಲಬೇಕಾದದ್ದು! ಡಾಕ್ಟರ ಹತ್ತಿರ ಚೆನ್ನಾಗಿ ಬೈಸಿಕೊಂಡೆ.

"ನೀರು ಬಸಿದಿರಾ ಅಜ್ಜಿ?"

"ಬಸಿದೆ ಕಣವ್ವ. ಬಸಿಯದೆ ಬಸ್ಸಾರು ಹೆಂಗಾಯ್ತದೆ?"

ಬಸಿದ ನೀರನ್ನೇ ಖಾರ ಹಾಕಿ ಕುದಿಸಿ ಎರಡು ಹೊತ್ತು ಉಂಡಿದ್ದಾರೆ. ಇದೇ ಊರಲ್ಲಿ ಬಸ್ಸಾರು ಉಂಡು ಬೆಳೆದ ನನಗೆ ಇದು ಹೊಳೆಯಲಿಲ್ಲವಲ್ಲ! ಈಗ ಪೊಟ್ಯಾಸಿಯಂ ರಿಪೋರ್ಟ್ ನೋಡದೆ ಸೊಪ್ಪಿನ ಮಾತೇ ಎತ್ತುವುದಿಲ್ಲ. ಅಜ್ಜಿಗೆ ಪಲ್ಯ ಒಂದೇ ಹಿಡಿ, ಸಾರು ಮಿಕ್ಕವರಿಗೆ.

"ಇನ್ನು ಮುದ್ದೆಗೆ ಏನು ನೆಂಚ್ಕೊಳ್ಳಲಿ?" ಅಂತ ಪ್ರತಿ ಸಲ ಜಗಳ ತೆಗೆಯುತ್ತಾರೆ.