ಬೋರ್ಡಿನ ಮುಂದೆ ಎರಡು ಸಲ ನಿಂತೆ

ನನ್ನ ಪ್ಯಾಂಟುಗಳಲ್ಲಿ ಮೊದಲು ಹರಿಯುವುದು ಎಡ ಜೇಬಿನ ಒಳಬಟ್ಟೆ. ಎರಡು ವರ್ಷದವನಿದ್ದಾಗ, 1976ರಲ್ಲಿ, ಜ್ವರ ಬಂದು ಇಳಿಯಿತು; ಅದರ ಜೊತೆ ಎಡಗಾಲಿನ ಬಲವೂ ಇಳಿಯಿತು. ಪೋಲಿಯೋ. ತೊಡೆಯ ಮುಂಭಾಗದ ಸ್ನಾಯು ಸೋತರೆ ಹೆಜ್ಜೆ ಊರಿದ ಕೂಡಲೇ ಮಂಡಿ ಮಡಚಿಕೊಳ್ಳುತ್ತದೆ. ಹಾಗಾಗಿ ಪ್ರತಿ ಹೆಜ್ಜೆಗೂ ಕೈಯಿಂದ ತೊಡೆಯನ್ನು ಹಿಂದಕ್ಕೆ ಒತ್ತಿ ನಡೆಯಬೇಕು. ಹೈಸ್ಕೂಲಿನಲ್ಲಿ ಹುಡುಗರು ಅಣಕಿಸುತ್ತಾರೆಂದು ಆ ಕೈಯನ್ನು ಜೇಬಿಗೆ ಇಳಿಸಿ, ಒಳಗಿನಿಂದಲೇ ಒತ್ತುವುದನ್ನು ಕಲಿತೆ. ನೋಡಿದವರಿಗೆ ಯಾರೋ ಠೀವಿಯಿಂದ ಜೇಬಿಗೆ ಕೈ ಹಾಕಿಕೊಂಡು ಹೋಗುತ್ತಿದ್ದಾನೆ ಅನ್ನಿಸಬೇಕು, ಅಷ್ಟೆ. ಬೆಂಗಳೂರಿನ ಶ್ರೀನಗರದ ನಮ್ಮ ಟೈಲರ್ ಈಗ ಕೇಳದೆಯೇ ಎಡ ಜೇಬಿಗೆ ಎರಡು ಪದರ ಬಟ್ಟೆ ಹಾಕಿ ಹೊಲಿಯುತ್ತಾರೆ.

ಈ ವಿದ್ಯೆಯೇ 2023ರಲ್ಲಿ ನನಗೆ ಮುಳುವಾಯಿತು.

ನನ್ನ ಬಳಿ 1994ರ ಒಂದು ಅಂಗವಿಕಲತೆ ಸರ್ಟಿಫಿಕೇಟ್ ಇತ್ತು. ಶೇ 50 ಎಂದು ಕೈಯಲ್ಲಿ ಬರೆದುಕೊಟ್ಟಿದ್ದು, ಮಡಿಕೆ ಮಡಿಕೆಗೂ ಸೆಲೋಟೇಪು. ಅಷ್ಟು ವರ್ಷ ಅದೇ ನಡೆಯಿತು. ಆಮೇಲೆ ಬಸ್ ಪಾಸಿಗೆ ಹೋದರೆ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರಿಗೆ ದೇಶಕ್ಕೆಲ್ಲ ಒಂದೇ ಆದ ಗುರುತಿನ ಚೀಟಿ, ತನ್ನಿ ಅಂದರು. ನಾನು ಕರಡು ತಿದ್ದುವುದು ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ. ಅಲ್ಲಿನ ಅಕೌಂಟೆಂಟ್ ಕೂಡ, ವೃತ್ತಿ ತೆರಿಗೆಯ ತಿಂಗಳ 200 ರೂಪಾಯಿ ಹಿಡಿಯಬಾರದು ಅಂದರೆ ಹೊಸ ಸರ್ಟಿಫಿಕೇಟ್ ಕೊಡಿ ಎಂದು ಪಟ್ಟು ಹಿಡಿದರು. ಅದೇ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿತ್ತು. ಹೆಂಡತಿ ಆಧಾರ್ ತೋರಿಸಿ ಬಿಟ್ಟಿ ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತರೆ, ನಾನು ಪಕ್ಕದಲ್ಲಿ ಚಿಲ್ಲರೆ ಎಣಿಸುತ್ತಿದ್ದೆ. ಅವಳಿಗೆ ಅದೊಂದು ಖುಷಿ.

ಮಾಸಾಶನ ನನ್ನ ಲೆಕ್ಕದಲ್ಲಿ ಇರಲಿಲ್ಲ. ಶೇ 40 ದಾಟಿದವರಿಗೆ ತಿಂಗಳಿಗೆ 800, ಶೇ 75 ದಾಟಿದವರಿಗೆ 1400 ಅಂತ ಆಗ ಇತ್ತು. ಆದರೆ ಅದಕ್ಕೆ ಆದಾಯದ ಮಿತಿ ಉಂಟು, ನನ್ನ ಸಂಬಳ ಅದನ್ನು ಎಂದೋ ದಾಟಿತ್ತು. ಬೇಕಿದ್ದದ್ದು ಒಂದು ಸಂಖ್ಯೆ: 40. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಬಹುತೇಕ ಸೌಲಭ್ಯಗಳ ಬಾಗಿಲು ತೆರೆಯುವುದು ಅಲ್ಲಿಂದ. ಕಾರ್ಡಿಗೂ ಬಣ್ಣ ಇದೆ. 40ರ ಒಳಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. ಹಳೆಯ ಕಾಗದದಲ್ಲೇ 50 ಇದೆಯಲ್ಲ, ಹೊಸದರಲ್ಲಿ ಕಡಿಮೆ ಆಗುವುದುಂಟೇ ಅಂದುಕೊಂಡು ಸೈಬರ್ ಸೆಂಟರಿನಲ್ಲಿ ಈ ಕಾರ್ಡಿನ ಸರ್ಕಾರಿ ವೆಬ್‌ಸೈಟಾದ ಸ್ವಾವಲಂಬನ್ ಪೋರ್ಟಲ್ ತೆರೆಸಿ ಅರ್ಜಿ ಹಾಕಿದೆ. ಆಧಾರ್, ಫೋಟೋ, ಹಳೆಯ ಸರ್ಟಿಫಿಕೇಟಿನ ಸ್ಕ್ಯಾನ್, ತಪಾಸಣೆಗೆ ಆಸ್ಪತ್ರೆಯ ಆಯ್ಕೆ. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯಲ್ಲಿ ಒಂದು ತಪ್ಪು ಮಾಡಿದೆ, ಅದು ಕೊನೆಗೆ ಗೊತ್ತಾಯಿತು.

ಆಗಸ್ಟಿನಲ್ಲಿ ಆಸ್ಪತ್ರೆಯ ಮೆಡಿಕಲ್ ಬೋರ್ಡಿನ ಮುಂದೆ ತಪಾಸಣೆಗೆ ಕರೆದರು. ಇಸ್ತ್ರಿ ಮಾಡಿದ ಶರ್ಟು, ಕಾಲಿಗೆ ಅಂಟುವ ಪ್ಯಾಂಟು, ಕೂದಲಿಗೆ ಎಣ್ಣೆ. ಮದುವೆ ಮನೆಗೆ ಹೊರಟವನ ಹಾಗೆ ಹೋದೆ. ಕಾರಿಡಾರಿನ ತುಂಬ ಜನ. ನನ್ನ ಸರದಿ ಬಂದಾಗ ಡಾಕ್ಟರು ಮೂರು ನಿಮಿಷ ಕೊಟ್ಟಿರಬಹುದು. ಪ್ಯಾಂಟು ಮಂಡಿಯಿಂದ ಮೇಲೆ ಏರಲಿಲ್ಲ. ಮೀನಖಂಡ ನೋಡಿದರು, ಬಿಟ್ಟರು.

"ಮೆಟ್ಟಿಲು ಹತ್ತುತ್ತೀರಾ?"

"ಹತ್ತುತ್ತೀನಿ ಸಾರ್."

"ಕೆಲಸಕ್ಕೆ ಹೋಗ್ತೀರಾ?"

"ದಿನಾ ಹೋಗ್ತೀನಿ ಸಾರ್, ಬಸ್ಸಲ್ಲೇ."

"ನಡೆಯುವಾಗ ಬೀಳೋದು ಗೀಳೋದು?"

"ಇಲ್ಲ ಸಾರ್."

ಆ ತಿಂಗಳಲ್ಲೇ ಎರಡು ಸಲ ಬಿದ್ದಿದ್ದೆ. ಯಾಕೆ ಇಲ್ಲ ಅಂದೆ ಎಂದು ಆಮೇಲೆ ತುಂಬ ಯೋಚಿಸಿದ್ದೇನೆ. ಇಪ್ಪತ್ತನೇ ವಯಸ್ಸಿನಿಂದ ಕೆಲಸ ಕೊಡುವವರು, ಬಾಡಿಗೆಗೆ ಮನೆ ಕೊಡುವವರು, ಹೆಣ್ಣು ಕೊಡುವವರು, ಯಾರು ಏನು ಕೇಳಿದರೂ ನನ್ನ ಬಾಯಿಂದ ಬಂದದ್ದು ಒಂದೇ ಮಾತು: ಆಗುತ್ತೆ. ಆ ಮಾತಿನಿಂದಲೇ ಬದುಕಿದವನು. ಎದುರಿಗೆ ಮೇಜು ಹಾಕಿಕೊಂಡು ಯಾರಾದರೂ ಕೂತಿದ್ದರೆ ನಾಲಿಗೆ ತಾನಾಗಿಯೇ ಅದನ್ನೇ ಹೇಳುತ್ತದೆ.

ಫಲಿತಾಂಶ ಶೇ 35. ಬಿಳಿ ಕಾರ್ಡು. ಮೂವತ್ತು ವರ್ಷದಲ್ಲಿ ಕಾಲು ಶೇ 15ರಷ್ಟು ವಾಸಿಯಾಗಿದೆ, ಸಿಹಿ ಹಂಚಿ ಅಂತ ಪ್ರೆಸ್ಸಿನಲ್ಲಿ ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಟೇಪು ಹಿಡಿದು ಅಳೆಯಲಿಲ್ಲ ಎಂಬ ಸಿಟ್ಟು ಆ ಡಾಕ್ಟರ ಮೇಲೆ ಇದೆ. ಆದರೆ ಅರ್ಧ ತಪ್ಪು ನನ್ನದೇ. ಮೇಲ್ಮನವಿಗೆ ಅವಕಾಶ ಇದೆ, ಅದೇ ಕಾಯ್ದೆಯ 59ನೇ ಕಲಂ. ಒಂದು ಪುಟದ ಅರ್ಜಿ ಬರೆದೆ. ಅಳು ಹಾಕಲಿಲ್ಲ. ಎಡಗಾಲಿನ ಉದ್ದ ಅಳೆದಿಲ್ಲ, ಸ್ನಾಯುಗಳ ಬಲ ಪರೀಕ್ಷಿಸಿಲ್ಲ, ದಯವಿಟ್ಟು ಮರುತಪಾಸಣೆ ಆಗಲಿ, ಇಷ್ಟೇ. ಹಳೆಯ ಸರ್ಟಿಫಿಕೇಟಿನ ಪ್ರತಿ ಲಗತ್ತಿಸಿದೆ. ಕೊಟ್ಟ ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಂಡೆ, ಇದನ್ನು ಮರೆಯಬಾರದು.

ಕರೆ ಬರುವವರೆಗಿನ ಎರಡು ತಿಂಗಳಲ್ಲಿ ನಿಜವಾದ ತಯಾರಿ ನಡೆಯಿತು.

ಮೊದಲು, ಈ ಪರ್ಸೆಂಟೇಜು ಎಲ್ಲಿಂದ ಬರುತ್ತದೆ ಅಂತ ನೋಡಿದೆ. ಕೇಂದ್ರ ಸರ್ಕಾರ 2018ರ ಜನವರಿ 4ರಂದು ಹೊರಡಿಸಿದ ಮಾರ್ಗಸೂಚಿಯನ್ನು ಪ್ರೆಸ್ಸಿನಲ್ಲೇ ಪ್ರಿಂಟ್ ತೆಗೆದೆ. (2024ರ ಮಾರ್ಚಿನಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಈಗ ಹೋಗುವವರು ಹೊಸದನ್ನೇ ನೋಡಬೇಕು.) ಕರಡು ತಿದ್ದುವವನಿಗೆ ಗೆಜೆಟ್ ಓದುವುದು ಕಷ್ಟವಲ್ಲ, ಬೇಸರ. ಓದಿದಾಗ ತಿಳಿದದ್ದು: ಕಾಲಿನ ಲೆಕ್ಕದಲ್ಲಿ ಎರಡು ಭಾಗ. ಒಂದು ಚಲನೆ ಮತ್ತು ಬಲ, ಇನ್ನೊಂದು ಸ್ಥಿರತೆ. ಸ್ಥಿರತೆಗೆ ಒಂಬತ್ತು ಕೆಲಸ ಮಾಡಿಸಿ ನೋಡಬೇಕು, ಒಂದೊಂದಕ್ಕೆ ಹತ್ತು. ಸಮತಟ್ಟಿನಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲ ಮೇಲೆ ನಿಲ್ಲುವುದು, ಸೋತ ಕಾಲೊಂದರ ಮೇಲೆ ನಿಲ್ಲುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು, ತಿರುಗುವುದು. ಓದುತ್ತಾ ಮೈ ಬಿಸಿಯಾಯಿತು. ಇವುಗಳಲ್ಲಿ ಒಂದನ್ನೂ ನಾನು ಅಲ್ಲಿ ಮಾಡಿರಲಿಲ್ಲ. ಮಾಡುತ್ತೇನೆ ಎಂದು ಬಾಯಲ್ಲಿ ಹೇಳಿದ್ದೆ ಅಷ್ಟೆ.

ಬಲದ ಭಾಗಕ್ಕೆ ಬಸವನಗುಡಿಯಲ್ಲಿ ಒಬ್ಬ ಫಿಸಿಯೋಥೆರಪಿ ಮೇಡಂ ಬಳಿ ಹೋದೆ. ಸ್ನಾಯುವಿನ ಬಲಕ್ಕೆ 0ಯಿಂದ 5ರವರೆಗೆ ಗ್ರೇಡ್ ಇದೆ. ಕುರ್ಚಿಯಲ್ಲಿ ಕೂರಿಸಿ ಎಡಮಂಡಿ ನೀಡಿ ಅಂದರು, ಆಗಲಿಲ್ಲ. ಹಾಸಿಗೆಯ ಮೇಲೆ ಮಗ್ಗುಲಾಗಿ ಮಲಗಿಸಿ ಕಾಲಿಗೆ ಆಸರೆ ಕೊಟ್ಟು ಅದನ್ನೇ ಮಾಡಿಸಿದರು. ಕಾಲು ಮೆಲ್ಲಗೆ ನೀಳವಾಯಿತು. ಭೂಮಿಯ ಸೆಳೆತಕ್ಕೆ ಎದುರಾಗಿ ಎತ್ತಲಾಗದು, ಸೆಳೆತ ತಪ್ಪಿಸಿದರೆ ಆಗುತ್ತದೆ: ಅದು ಗ್ರೇಡ್ 2. ಮಾರ್ಗಸೂಚಿಯ ಲೆಕ್ಕದಲ್ಲಿ ಆ ಸ್ನಾಯುವಿನ ಬಲದಲ್ಲಿ ಶೇ 60 ನಷ್ಟ. ಸೊಂಟದ ಮುಂದಿನ ಮೂಳೆಯ ತುದಿಯಿಂದ ಕಣಕಾಲಿನ ಒಳಗಂಟಿನವರೆಗೆ ಟೇಪು ಹಿಡಿದರು. ಎಡಗಾಲು ಎರಡು ಇಂಚು ಗಿಡ್ಡ. ಮೊದಲ ಅರ್ಧ ಇಂಚಿಗೆ ಏನೂ ಇಲ್ಲ, ಆಮೇಲಿನ ಪ್ರತಿ ಅರ್ಧ ಇಂಚಿಗೆ ಶೇ 4. ಅಂದರೆ ಅದೊಂದಕ್ಕೇ 12. ಮೇಡಂ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಟ್ಟರು, ಜೊತೆಗೆ ಎರಡೂ ಕಾಲಿನ ಉದ್ದ ಅಳೆಯುವ ಸ್ಕ್ಯಾನೋಗ್ರಾಂ ಎಕ್ಸ್‌ರೇ ತೆಗೆಸಲು ಹೇಳಿದರು. ಇಂಥ ಹಾಳೆಯನ್ನು ಬೋರ್ಡಿನವರು ಒಪ್ಪಲೇಬೇಕು ಅಂತಿಲ್ಲ, ಅವರು ತಾವೇ ಪರೀಕ್ಷಿಸುತ್ತಾರೆ. ಆದರೆ ಹಾಳೆ ಮೇಜಿನ ಮೇಲಿದ್ದರೆ ಟೇಪು ಡ್ರಾಯರಿನಿಂದ ಹೊರಗೆ ಬರುತ್ತದೆ.

ಇನ್ನೊಂದು ಸಂಗತಿ ಅವರೇ ಹೇಳಿದ್ದು. 2011ರ ಜನವರಿಯ ನಂತರ ದೇಶದಲ್ಲಿ ವೈಲ್ಡ್ ಪೋಲಿಯೋದ, ಅಂದರೆ ಸಹಜವಾಗಿ ಹರಡುವ ಪೋಲಿಯೋದ, ಪ್ರಕರಣವೇ ಬಂದಿಲ್ಲ. ಈಗಿನ ಎಳೆಯ ಡಾಕ್ಟರುಗಳು ನಮ್ಮಂಥವರನ್ನು ಪುಸ್ತಕದಲ್ಲಿ ಓದಿದ್ದೇ ಹೆಚ್ಚು. "ನೀವೇ ತೋರಿಸಿಕೊಡಬೇಕು ಸಾರ್, ಅವರಾಗಿ ಕಂಡುಹಿಡೀಲಿ ಅಂತ ಕಾಯಬೇಡಿ" ಅಂದರು.

ಎರಡನೆಯದು ನೋಟ್‌ಬುಕ್ಕು. ಅಕ್ಟೋಬರ್ ಪೂರ್ತಿ ಬರೆದೆ. ಮೂರು ಸಾಲು ಇಲ್ಲಿ ಹಾಗೇ ಇಳಿಸುತ್ತೇನೆ.

"9, ಸೋಮವಾರ. ಮಾರ್ಕೆಟ್ಟಿನಲ್ಲಿ ಬಸ್ಸು ಫುಟ್‌ಪಾತಿನಿಂದ ದೂರ ನಿಂತಿತು. ಮೊದಲ ಮೆಟ್ಟಿಲಿಗೆ ಕಾಲು ಎಟುಕಲಿಲ್ಲ. ಹಿಂದಿದ್ದವರು ಸೊಂಟ ಹಿಡಿದು ಎತ್ತಿದರು."

"14. ಬಚ್ಚಲಲ್ಲಿ ಮಂಡಿ ಮಡಚಿತು. ಬಕೆಟ್ಟು ಹಿಡಿದೆ, ಬಕೆಟ್ಟೂ ಬಿತ್ತು. ಮೊಣಕೈ ತರಚಿದೆ."

"23, ಆಯುಧಪೂಜೆ. ಪ್ರೆಸ್ಸಿನಲ್ಲಿ ಎಲ್ಲರೂ ನೆಲಕ್ಕೆ ಕೂತು ಊಟ. ನಾನು ಪೇಪರ್ ಬಂಡಲಿನ ಮೇಲೆ ಕೂತು ಎಲೆಯನ್ನು ತೊಡೆ ಮೇಲೆ ಇಟ್ಟುಕೊಂಡೆ."

ಬರೆಯುವ ಮೊದಲು ಕೇಳಿದ್ದರೆ ನನಗೇನೂ ತೊಂದರೆಯಿಲ್ಲ ಅಂತಲೇ ಹೇಳುತ್ತಿದ್ದೆ. ತಿಂಗಳ ಕೊನೆಗೆ ಎಣಿಸಿದರೆ ನಾಲ್ಕು ಸಲ ಬಿದ್ದಿದ್ದೆ.

ಮೂರನೆಯದಕ್ಕೆ ಹೆಂಡತಿಯೇ ಡಾಕ್ಟರಾದಳು. ರಾತ್ರಿ ಊಟ ಆದ ಮೇಲೆ ಎದುರಿಗೆ ಕೂತು ಪ್ರಶ್ನೆ ಕೇಳುವುದು. "ಮೆಟ್ಟಿಲು ಹತ್ತುತ್ತೀರಾ?" ಅಂದಳು. "ಹತ್ತುತ್ತೀನಿ" ಅಂದೆ. "ರೀ, ಮತ್ತೆ ಅದೇ! ಹೇಗೆ ಹತ್ತುತ್ತೀರಿ ಅಂತ ಹೇಳಿ. ನಾನು ದಿನಾ ಕೆಳಗೆ ನಿಂತು ನೋಡ್ತೀನಲ್ಲ?" ಆಗ ಹೇಳಿದೆ: ಕಂಬಿ ಹಿಡಿದು, ಬಲಗಾಲು ಮೊದಲು ಇಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ಒಂದೊಂದೇ ಮೆಟ್ಟಿಲು, ಮೊದಲ ಮಹಡಿಗೆ ಹೋಗುವಷ್ಟರಲ್ಲಿ ಒಂದು ಸಲ ನಿಲ್ಲಬೇಕು, ಕಂಬಿ ಇಲ್ಲದಿದ್ದರೆ ಆಗುವುದೇ ಇಲ್ಲ. "ಇದನ್ನೇ ಹೇಳಿ" ಅಂದಳು. ಆಗುತ್ತಾ ಅಂತ ಕೇಳಿದರೆ ಹೌದು, ಇಲ್ಲ ಎರಡೂ ಬೇಡ. ಹೇಗೆ, ಏನು ಹಿಡಿದುಕೊಂಡು, ಎಷ್ಟು ಹೊತ್ತು, ಆಮೇಲೆ ಏನಾಗುತ್ತದೆ. ಈ ನಾಲ್ಕು ಬಾಯಿಗೆ ಬರಲು ನನಗೆ ಒಂದು ವಾರ ಹಿಡಿಯಿತು. ನಗಬೇಡಿ.

ನವೆಂಬರಿನಲ್ಲಿ ಬೇರೊಂದು ಆಸ್ಪತ್ರೆಗೆ ಕರೆದರು. ಈ ಸಲ ಸಡಿಲ ಪ್ಯಾಂಟು, ಒಳಗೆ ಚಡ್ಡಿ, ದಿನಾ ಹಾಕುವ ಅದೇ ಎತ್ತರದ ಅಟ್ಟೆಯ ಚಪ್ಪಲಿ. ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಮೂಲ ಕಾಗದ ಒಂದು ಕಡೆ, ಜೆರಾಕ್ಸ್ ಒಂದು ಕಡೆ. ಬುತ್ತಿಯಲ್ಲಿ ಚಿತ್ರಾನ್ನ, ನೀರು. ಬೆಳಿಗ್ಗೆ ಎಂಟಕ್ಕೆ ಓಪಿಡಿ ಚೀಟಿ ಮಾಡಿಸಿದರೂ ಒಳಗೆ ಕರೆದದ್ದು ಹನ್ನೆರಡೂವರೆಗೆ, ಹಾಗಾಗಿ ಬುತ್ತಿ ದೊಡ್ಡ ವಿಷಯವೇ.

ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ಒಬ್ಬ ಸಿಕ್ಕಿದ. ನಲವತ್ತಕ್ಕೆ ಯಾಕೆ ಒದ್ದಾಡ್ತೀರಿ, ಎಪ್ಪತ್ತೈದೇ ಮಾಡಿಸೋಣ ಅಂದ. ಸುಳ್ಳು ಹೇಳಿ ಸೌಲಭ್ಯ ಪಡೆದರೆ ಅದೇ ಕಾಯ್ದೆಯ 91ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅದು ಹಾಗಿರಲಿ, ಇಂಥವರಿಂದಲೇ ಒಳಗಿನ ಡಾಕ್ಟರುಗಳು ನಮ್ಮಂಥವರನ್ನೂ ಅನುಮಾನದಿಂದ ನೋಡುವ ಹಾಗಾಗಿದೆ. ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ಒಳಗೆ ಮೂವರಿದ್ದರು. ನಡುವೆ ಕೂತಿದ್ದ ಮೇಡಂ ಬಾಗಿಲಿನಿಂದಲೇ ನನ್ನ ನಡಿಗೆ ನೋಡುತ್ತಿದ್ದರು. ಕುರ್ಚಿಯ ಹತ್ತಿರ ಬರುವಷ್ಟರಲ್ಲಿ, "ಜೇಬಿಂದ ಕೈ ಹೊರಗೆ ತೆಗೆದು ನಡೀರಿ" ಅಂದರು.

ಬೇರೆಯವರ ಮುಂದೆ ಹಾಗೆ ನಡೆದು ಎಷ್ಟು ವರ್ಷವಾಗಿತ್ತೋ. ಎರಡು ಹೆಜ್ಜೆ ಇಟ್ಟೆ. ಮೂರನೆಯದಕ್ಕೆ ಮಂಡಿ ಮಡಚಿತು. ಅಟೆಂಡರ್ ಹುಡುಗ ರಟ್ಟೆ ಹಿಡಿದ. ನಾಟಕ ಅಂದುಕೊಂಡರೇನೋ ಎಂದು ನನಗೆ ಮೊದಲು ಹೊಳೆದದ್ದು. ಅಷ್ಟರಲ್ಲಿ ಮೇಡಂ ಎದ್ದು ಬಂದು ನನ್ನ ಎಡ ಜೇಬನ್ನು ಹೊರಗೆ ಎಳೆದು ನೋಡಿದರು. ಎರಡು ಪದರದಲ್ಲಿ ಒಂದು ಪದರ ಸವೆದು ಬಲೆಯಾಗಿತ್ತು, ಅಂಗೈ ಒತ್ತುವ ಜಾಗದಲ್ಲಿ ಸರಿಯಾಗಿ.

"ಎಷ್ಟು ವರ್ಷದಿಂದ ಹೀಗೆ?"

"ಹೈಸ್ಕೂಲಿಂದ ಮೇಡಂ."

ಪಕ್ಕದಲ್ಲಿದ್ದ ಎಳೆಯ ಡಾಕ್ಟರನ್ನು ಕರೆದು ತೋರಿಸಿದರು. ಆಮೇಲೆ ಟೇಪು ಬಂತು, ಮಂಚದ ಮೇಲೆ ಮಗ್ಗುಲು ಮಲಗಿಸುವುದು ಬಂತು, ಒಂಬತ್ತೂ ಕೆಲಸ ಒಂದೊಂದಾಗಿ ಬಂದವು. ಚಕ್ಕಳಮಕ್ಕಳ ಹಾಕಿ ಅಂದಾಗ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಮಡಚಿ ಇಟ್ಟುಕೊಂಡು ತೋರಿಸಿದೆ. ಏಳಿ ಅಂದಾಗ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ತೆಗೆದುಕೊಂಡೆ. ಬೀಳ್ತೀರಾ ಅಂತ ಕೇಳಿದರು. ಬಾಯಿ ಇಲ್ಲ ಅನ್ನಲು ಹೊರಟಿತ್ತು, ಕೈ ನೋಟ್‌ಬುಕ್ಕನ್ನು ಮುಂದೆ ಇಟ್ಟಿತು. ಆಯುಧಪೂಜೆಯ ಸಾಲು ಓದಿ ಒಂದು ಕ್ಷಣ ನಕ್ಕರು. ಒಟ್ಟು ಇಪ್ಪತ್ತು ನಿಮಿಷ ಆಗಿರಬೇಕು. ಹೊರಗೆ ಬರುವಾಗ ಬೆನ್ನ ಹಿಂದೆ ಅವರ ಕಣ್ಣಿದೆ ಅಂತ ಗೊತ್ತಿತ್ತು. ಕೈ ಮತ್ತೆ ಜೇಬಿಗೆ ಹೋಗಿತ್ತು, ಹಾಗೇ ನಡೆದೆ.

ಶೇ 55, ಶಾಶ್ವತ ಎಂದು ಬಂತು. ಕಾರ್ಡು ಅಂಚೆಯಲ್ಲಿ ಬರುವ ಮೊದಲೇ ಪೋರ್ಟಲಿನಲ್ಲಿ ಇಳಿಸಿಕೊಳ್ಳಬಹುದು. ಅಕೌಂಟೆಂಟರ ಬಾಯಿ ಮುಚ್ಚಲು ಅದೇ ಸಾಕಾಯಿತು. 660 ರೂಪಾಯಿ ಕಟ್ಟಿ ಬಸ್ ಪಾಸೂ ಮಾಡಿಸಿದೆ.

ಫೆಬ್ರವರಿಯಲ್ಲಿ ಅಂಚೆಯವರು ಹಳದಿ ಕಾರ್ಡು ತಂದುಕೊಟ್ಟರು. ಹೆಂಡತಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, "ರೀ, ಮಾವನ ಹೆಸರಲ್ಲಿ ಒಂದು ಒತ್ತಕ್ಷರ ಇಲ್ಲವಲ್ಲ" ಅಂದಳು. ಸೈಬರ್ ಸೆಂಟರಿನ ಹುಡುಗ ಟೈಪ್ ಮಾಡಿ, ಸಾರ್ ಒಂದ್ಸಲ ನೋಡ್ಕೊಳ್ಳಿ ಅಂತ ಸ್ಕ್ರೀನು ನನ್ನ ಕಡೆ ತಿರುಗಿಸಿದ್ದ. ಸರಿ ಇದೆ ಅಂದವನು ನಾನೇ. ಪ್ರೆಸ್ಸಿನಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ತಿದ್ದುಪಡಿಗೆ ಅರ್ಜಿ ಹಾಕಿದ್ದೇನೆ.